ಕೈಗೆ ಹದ ಬರುವುದು ಎಲ್ಲಿಂದ? ತೋಟಗಾರಿಕೆಯ ಕಾರ್ಯಾಗಾರಗಳ ಕುರಿತು ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಎರಡು ವರ್ಷಗಳಿಂದ ಪುಸ್ತಕ ಓದಿಕೊಂಡು, ವಿಡಿಯೋಗಳನ್ನು ನೋಡಿಕೊಂಡು ಕುಂಡಗಳಲ್ಲಿಯೂ ಮನೆಯ ಪಕ್ಕದ ಒಂದಿಷ್ಟು ಜಾಗದಲ್ಲಿಯೂ ಗಿಡ ಬೆಳೆಸಲು ಪ್ರಯತ್ನಿಸುತ್ತಿದ್ದೇನೆ. ಬೀಜ ಚೆನ್ನಾಗಿಯೇ ಮೊಳೆಯುತ್ತದೆ, ಆದರೆ ಎರಡನೆಯ ವಾರದಲ್ಲಿ ಸಸಿಗಳ ಬುಡ ಕೊಳೆತು ಮಲಗಿಬಿಡುತ್ತವೆ. ನೆಟ್ಟ ಕಡ್ಡಿಗಳಲ್ಲಿ ಹತ್ತಕ್ಕೆ ಒಂದು ಉಳಿದರೆ ಹೆಚ್ಚು. ನಮ್ಮ ಬಡಾವಣೆಯ ಸಮುದಾಯ ತೋಟದವರು ಆಗಾಗ ಕಾರ್ಯಾಗಾರ ನಡೆಸುತ್ತಾರೆ. ಅಲ್ಲಿಗೆ ಹೋದರೆ ನಿಜವಾಗಿಯೂ ಕೆಲಸ ಕೈಗೆ ಬರುತ್ತದೆಯೇ? ಯಾವುದನ್ನು ಆರಿಸಿಕೊಳ್ಳಬೇಕು, ಮೊದಲು ಏನನ್ನು ಕಲಿಯಬೇಕು? ವಯಸ್ಸು ಐವತ್ತು ದಾಟಿದೆ. ಅಪರಿಚಿತರ ನಡುವೆ ತಪ್ಪು ಮಾಡಲು ಸಂಕೋಚವೂ ಇದೆ.

ಉತ್ತರ: ಹೋಗಿ, ಖಂಡಿತ ಹೋಗಿ. ಆದರೆ ಕಾರ್ಯಾಗಾರ ಎಂಬ ಹೆಸರಿರುವ ಎಲ್ಲದಕ್ಕೂ ಹೋಗಬೇಡಿ. ನೀವು ಬರೆದಿರುವ ಎರಡು ಸೋಲುಗಳನ್ನು ನೋಡಿದರೆ ನಿಮಗೆ ಮಾಹಿತಿಯ ಕೊರತೆ ಇದ್ದಂತೆ ಕಾಣುವುದಿಲ್ಲ. ಸಸಿಮಡಿಗೆ ಹೆಚ್ಚು ನೀರು ಹಾಕಬಾರದು, ಕಡ್ಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಬೇಕು ಎಂಬುದನ್ನು ನೀವು ಹತ್ತಾರು ಕಡೆ ಓದಿರುತ್ತೀರಿ. ‘ಮಣ್ಣು ಹದವಾಗಿರಲಿ’ ಎಂದು ಪುಸ್ತಕ ಹೇಳುತ್ತದೆ. ಆ ಹದ ಎಷ್ಟು ಎಂಬುದು ಮಾತ್ರ ಕೈ ಹಾಕಿದವರಿಗಲ್ಲದೆ ತಿಳಿಯುವುದಿಲ್ಲ. ಅದನ್ನು ಹೇಳಿಕೊಡುವುದು ಬಹುಮಟ್ಟಿಗೆ ಅಸಾಧ್ಯ, ಮುಟ್ಟಿಸಿ ತೋರಿಸುವುದು ಸುಲಭ.

ತೋಟದ ಕೆಲಸಕ್ಕೆ ಇನ್ನೊಂದು ತೊಡಕಿದೆ. ಇಲ್ಲಿ ತಪ್ಪು ಬಹಳ ತಡವಾಗಿ ಕಾಣಿಸಿಕೊಳ್ಳುತ್ತದೆ. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಅರ್ಧ ಗಂಟೆಯಲ್ಲಿ ನಾಲಗೆಯೇ ಹೇಳಿಬಿಡುತ್ತದೆ, ಆದರೆ ಮೊಂಡು ಕತ್ತರಿಯಿಂದ ಜಜ್ಜಿ ಕತ್ತರಿಸಿದ ಕಡ್ಡಿಯು ತನ್ನೊಳಗೆ ಉಳಿದ ನೀರು ಮತ್ತು ಆಹಾರದ ಬಲದಿಂದ ಹತ್ತು ಹದಿನೈದು ದಿನ ಹಸಿರಾಗಿಯೇ ಇರುತ್ತದೆ, ಎಷ್ಟೋ ಸಲ ಬೇರೇ ಇಲ್ಲದೆ ಒಂದೆರಡು ಹೊಸ ಎಲೆಗಳನ್ನೂ ಬಿಡುತ್ತದೆ, ಅನಂತರ ಒಮ್ಮೆಲೇ ಕಪ್ಪಾಗುತ್ತದೆ. ಅಷ್ಟರಲ್ಲಿ ಆ ದಿನ ನೀವು ಏನು ಮಾಡಿದಿರಿ ಎಂಬುದೇ ಮರೆತಿರುತ್ತದೆ. ಹೀಗಾಗಿ ಒಬ್ಬರೇ ಕಲಿಯುವವರು ಅದೇ ತಪ್ಪನ್ನು ವರ್ಷಗಟ್ಟಲೆ ಪುನರಾವರ್ತಿಸುತ್ತಾರೆ. ಪಕ್ಕದಲ್ಲಿ ನಿಂತವರು ಕತ್ತರಿಸಿದ ಕ್ಷಣದಲ್ಲಿಯೇ ‘ಇದು ಜಜ್ಜಿತು, ಇನ್ನೊಮ್ಮೆ ಕತ್ತರಿಸಿ’ ಎಂದರೆ ಮೂರು ವಾರ ಉಳಿಯಿತು. ಕಾರ್ಯಾಗಾರದಿಂದ ಸಿಗಬೇಕಾದ ಮುಖ್ಯ ಲಾಭ ಇದು. ಯಾವ ಕಾರ್ಯಾಗಾರದಲ್ಲಿ ಇದು ಸಿಗುವುದಿಲ್ಲವೋ ಅದು ಒಳ್ಳೆಯ ಉಪನ್ಯಾಸವಾಗಿರಬಹುದು, ಅಷ್ಟೇ.

ನಿಮ್ಮ ಸಸಿಗಳನ್ನೇ ತೆಗೆದುಕೊಳ್ಳೋಣ. ಮೊಳೆತ ಸಸಿಯ ಕಾಂಡವು ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣಕಲಾಗಿ, ನೀರುನೀರಾಗಿ ಮುರಿದು ಬೀಳುವುದನ್ನು ಸಸಿ ಸಾಯುವ ರೋಗ ಅಥವಾ ಬುಡ ಕೊಳೆ ಎನ್ನುತ್ತೇವೆ. ಪಿಥಿಯಂ, ರೈಜೋಕ್ಟೋನಿಯಾ ಮುಂತಾದ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಇವು ಮಣ್ಣಿನಲ್ಲಿ ಎಲ್ಲೆಡೆ ಇರುತ್ತವೆ. ಸದಾ ತೇವ, ಒತ್ತೊತ್ತಾದ ಬಿತ್ತನೆ, ಗಾಳಿಯಾಡದ ಜಾಗ, ತೊಳೆಯದೆ ಮತ್ತೆ ಬಳಸಿದ ಟ್ರೇ, ಇವು ಸೇರಿದಾಗ ಮಾತ್ರ ಮೇಲುಗೈ ಪಡೆಯುತ್ತವೆ. ಆದ್ದರಿಂದ ಔಷಧಿ ಹುಡುಕುವುದಕ್ಕಿಂತ ಮೊದಲು ನೀರು ಹಾಕುವ ಕೈಯನ್ನು ತಿದ್ದಬೇಕು. ಬಿತ್ತನೆಯ ಮಿಶ್ರಣವನ್ನು ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಸುಕಿದಾಗ ಬೆರಳ ಸಂದಿಯಿಂದ ನೀರು ಇಳಿದರೆ ಅದು ಅತಿಯಾಯಿತು, ಕೈ ಬಿಚ್ಚಿದೊಡನೆ ಉದುರಿ ಹೋದರೆ ಸಾಲದು, ಉಂಡೆಯಾಗಿ ನಿಂತು ಹೆಬ್ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಒಡೆದರೆ ಅದು ಬಿತ್ತುವ ಹದ. ಈ ವಾಕ್ಯವನ್ನು ನೀವು ಈಗ ಓದಿದಿರಿ. ಓದಿದ್ದರಿಂದ ಅದು ಕೈಗೆ ಬರಲಿಲ್ಲ. ಮೂರೂ ಬಗೆಯ ಮಣ್ಣನ್ನು ಮೂರು ಬುಟ್ಟಿಗಳಲ್ಲಿಟ್ಟು ಒಂದಾದ ಮೇಲೊಂದು ಹಿಸುಕಿಸಿದರೆ ಐದು ನಿಮಿಷದಲ್ಲಿ ಬರುತ್ತದೆ, ಒಮ್ಮೆ ಬಂದದ್ದು ಸಾಮಾನ್ಯವಾಗಿ ಹೋಗುವುದಿಲ್ಲ.

ನಾನು ನಡೆಸುವ ತರಗತಿಗಳಲ್ಲಿ ಇದರ ಜೊತೆಗೆ ಇನ್ನೊಂದು ಅಭ್ಯಾಸ ಮಾಡಿಸುತ್ತೇನೆ. ಒಂದೇ ಅಳತೆಯ ನಾಲ್ಕು ಕುಂಡಗಳಲ್ಲಿ ಬೇರೆ ಬೇರೆ ಪ್ರಮಾಣದ ತೇವವಿರುವ ಮಣ್ಣು ತುಂಬಿ, ಕಣ್ಣು ಮುಚ್ಚಿಕೊಂಡು ಎತ್ತಿ ನೋಡಿ ಎನ್ನುತ್ತೇನೆ. ಮೊದಲ ಸುತ್ತಿನಲ್ಲಿ ನಗು, ಗೊಂದಲ. ಮೂರನೆಯ ಸುತ್ತಿಗೆ ಹೆಚ್ಚಿನವರು ಭಾರದಿಂದಲೇ ಯಾವುದಕ್ಕೆ ನೀರು ಬೇಕು ಎಂದು ಹೇಳುತ್ತಾರೆ. ದಿನಕ್ಕೊಂದು ಲೋಟ, ಎರಡು ದಿನಕ್ಕೊಮ್ಮೆ ಎಂಬ ಲೆಕ್ಕಗಳನ್ನು ಅಲ್ಲಿಗೆ ಕೈಬಿಡಬಹುದು. ಬಿಸಿಲು, ಗಾಳಿ, ಕುಂಡದ ಗಾತ್ರ, ಎಲೆಗಳ ಹರಹು ಇವೆಲ್ಲ ದಿನದಿನಕ್ಕೂ ಬದಲಾಗುವಾಗ ನೀರಿನ ಲೆಕ್ಕ ಮಾತ್ರ ಬದಲಾಗದೆ ಇರುವುದು ಹೇಗೆ? ಸಸಿಗಳ ಟ್ರೇಗೆ ಮೇಲಿನಿಂದ ಸುರಿಯುವ ಬದಲು ಅದನ್ನು ತಟ್ಟೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಕೆಳಗಿನಿಂದ ಹೀರಿಸಿ, ಮೇಲ್ಮಣ್ಣಿನ ಬಣ್ಣ ತಿಳಿಯಾಗುವವರೆಗೆ ಮತ್ತೆ ನೀರು ಕೊಡದಿರುವುದು ನಿಮ್ಮಂಥವರಿಗೆ ನಾನು ಮೊದಲು ಹೇಳುವ ಮಾತು. ಬಿತ್ತುವಾಗ ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು; ಧೂಳಿನಂಥ ಸಣ್ಣ ಬೀಜಗಳನ್ನು ಮಣ್ಣಿನ ಮೇಲೆ ಒತ್ತಿದರೆ ಸಾಕು, ಅವುಗಳಲ್ಲಿ ಕೆಲವಕ್ಕೆ ಮೊಳೆಯಲು ಬೆಳಕೇ ಬೇಕು.

ಇನ್ನು ಕಡ್ಡಿಗಳ ವಿಷಯ. ಹತ್ತಕ್ಕೆ ಒಂಬತ್ತು ಸಾಯುತ್ತಿವೆ ಎಂದರೆ ಸಾಮಾನ್ಯವಾಗಿ ಒಂದಲ್ಲ, ಎರಡು ಮೂರು ಸಣ್ಣ ತಪ್ಪುಗಳು ಸೇರಿಕೊಂಡಿರುತ್ತವೆ. ಬೆಳಗಿನ ಹೊತ್ತು, ಗಿಡದಲ್ಲಿ ನೀರು ತುಂಬಿರುವಾಗ, ಹೂವು ಮೊಗ್ಗು ಇಲ್ಲದ ರೆಂಬೆಯಿಂದ 10–15 ಸೆಂ.ಮೀ. ಉದ್ದದ, ಮೂರು ನಾಲ್ಕು ಗಿಣ್ಣುಗಳಿರುವ ತುಂಡನ್ನು ತೆಗೆದುಕೊಳ್ಳಬೇಕು. ತೀರಾ ಎಳೆಯದು ಕೊಳೆಯುತ್ತದೆ, ತೀರಾ ಬಲಿತದ್ದು ಬೇರು ಬಿಡಲು ತಿಂಗಳುಗಟ್ಟಲೆ ಸತಾಯಿಸುತ್ತದೆ. ಬಗ್ಗಿಸಿದಾಗ ಸ್ವಲ್ಪ ಬಾಗಿ ಅನಂತರ ಚಟ್ಟೆಂದು ಮುರಿಯುವ ಹಂತ ದಾಸವಾಳದಂಥ ಅನೇಕ ಪೊದೆಗಿಡಗಳಿಗೆ ಸರಿಯಾದದ್ದು, ಮತ್ತು ಈ ‘ಸ್ವಲ್ಪ ಬಾಗುವುದು’ ಕೂಡ ಕೈಯಲ್ಲಿ ಹಿಡಿದೇ ಅರ್ಥವಾಗಬೇಕಾದ ಸಂಗತಿ. ಕೆಳಗಿನ ಎಲೆಗಳನ್ನು ಕಿತ್ತು, ಮೇಲೆ ಉಳಿದ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಬುಡವನ್ನು ಬೇರು ಬರಿಸುವ ಇಂಡೋಲ್ ಬ್ಯೂಟಿರಿಕ್ ಆಮ್ಲವಿರುವ ಪುಡಿಯಲ್ಲಿ ಅದ್ದಿದರೆ ಅನುಕೂಲ. ಆದರೆ ಪುಡಿಯು ಮೊಂಡು ಕತ್ತರಿಯ ಪಾಪವನ್ನು ತೊಳೆಯುವುದಿಲ್ಲ. ಬೇರಿಲ್ಲದ ಕಡ್ಡಿಗೆ ನೀರು ಕುಡಿಯುವ ದಾರಿ ಬಹಳ ಕಿರಿದಾದ್ದರಿಂದ ಎಲೆಗಳಿಂದ ಆರುವ ನೀರನ್ನು ತಡೆಯುವುದೇ ನಮ್ಮ ಕೆಲಸ. ಅದಕ್ಕಾಗಿ ಮೇಲೆ ಪಾರದರ್ಶಕ ಚೀಲ ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಇಡುತ್ತೇವೆ. ಬೇರು ಬಂದಿತೇ ಎಂದು ದಿನವೂ ಕಿತ್ತು ನೋಡುವವರೂ ಇದ್ದಾರೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ.

ಹೊಸಬರು ಬಹಳ ಸಲ ಮಾಡುವ ಒಂದು ತಪ್ಪು ತಮಾಷೆಯಾಗಿ ಕಂಡರೂ ಹೇಳಬೇಕು. ಎಲೆ ಕಿತ್ತ ಮೇಲೆ ಕಡ್ಡಿಯ ತಲೆ ಯಾವುದು, ಬುಡ ಯಾವುದು ಎಂಬುದು ತಿಳಿಯದೆ ತಲೆಕೆಳಗಾಗಿ ನೆಡುತ್ತಾರೆ. ಗಿಡದ ಅಂಗಾಂಶಕ್ಕೆ ಮೇಲು ಕೆಳಗು ನೆನಪಿರುತ್ತದೆ, ಬೇರು ಬರುವುದು ಬುಡದ ತುದಿಯಿಂದಲೇ. ಮೇಲ್ತುದಿಯನ್ನು ನೇರವಾಗಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸುವ ರೂಢಿ ಬಂದಿರುವುದಕ್ಕೆ ಈ ಗುರುತೂ ಒಂದು ಕಾರಣ. ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಇದು ಎರಡು ಸೆಕೆಂಡಿನ ತಿದ್ದುಪಡಿ.

ಈಗ ಆಯ್ಕೆಯ ಪ್ರಶ್ನೆ. ಇದರಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಕಲಿಸಲು ಆರಂಭಿಸಿದ ಮೊದಲ ವರ್ಷಗಳಲ್ಲಿ ಮೂವತ್ತು ಜನರನ್ನು ಸುತ್ತ ನಿಲ್ಲಿಸಿಕೊಂಡು ಒಂದೂವರೆ ಗಂಟೆ ಕಸಿ ಕಟ್ಟಿ ತೋರಿಸುತ್ತಿದ್ದೆ. ಎಲ್ಲರೂ ಮೆಚ್ಚಿಕೊಂಡು ಹೋಗುತ್ತಿದ್ದರು. ಒಂದು ಸಲ ಎರಡು ತಿಂಗಳ ಬಳಿಕ ಅದೇ ಗುಂಪನ್ನು ಮತ್ತೆ ಭೇಟಿಯಾದಾಗ, ಮನೆಗೆ ಹೋಗಿ ಒಂದಾದರೂ ಕಸಿ ಕಟ್ಟಿದವರು ಯಾರು ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಅವರಿಗೆ ಆಸಕ್ತಿ ಇರಲಿಲ್ಲವೆಂದಲ್ಲ. ಆ ದಿನ ಚಾಕು ಹಿಡಿದವನು ನಾನೊಬ್ಬನೇ ಆಗಿದ್ದೆ. ಅಂದಿನಿಂದ ನಾನು ಹತ್ತು ನಿಮಿಷ ತೋರಿಸಿ ಉಳಿದ ಹೊತ್ತೆಲ್ಲ ಸುಮ್ಮನೆ ಅವರ ನಡುವೆ ಓಡಾಡುತ್ತೇನೆ. ಪ್ರಾತ್ಯಕ್ಷಿಕೆಗೂ ಅಭ್ಯಾಸಕ್ಕೂ ಇರುವ ಅಂತರ ಇದು, ಮತ್ತು ಪ್ರಕಟಣೆಯಲ್ಲಿ ಎರಡನ್ನೂ ಕಾರ್ಯಾಗಾರ ಎಂದೇ ಬರೆದಿರುತ್ತಾರೆ.

ಆದ್ದರಿಂದ ಹೆಸರು ಕೊಡುವ ಮೊದಲು ನಡೆಸುವವರನ್ನು ವಿಚಾರಿಸಿ. ಒಬ್ಬೊಬ್ಬರ ಕೈಯಿಂದ ಎಷ್ಟು ಸಲ ಆ ಕೆಲಸ ಮಾಡಿಸುತ್ತೀರಿ ಎಂಬುದೇ ಮೊದಲ ಪ್ರಶ್ನೆ. ‘ಎಲ್ಲರಿಗೂ ಅವಕಾಶ ಸಿಗುತ್ತದೆ’ ಎಂಬುದು ಉತ್ತರವಲ್ಲ, ‘ಪ್ರತಿಯೊಬ್ಬರೂ ಹತ್ತು ಕಡ್ಡಿ ಸಿದ್ಧಪಡಿಸುತ್ತಾರೆ’ ಎಂಬುದು ಉತ್ತರ. ಕಲಿಸುವವರು ಒಬ್ಬರಿದ್ದರೆ ಕಲಿಯುವವರು ಹತ್ತು ಹನ್ನೆರಡರ ಒಳಗಿರುವುದು ಮೇಲು. ಚಾಕು, ಗರಗಸದ ಕೆಲಸವಾದರೆ ಇನ್ನೂ ಕಡಿಮೆ. ಮಾಡಿದ ಕೆಲಸದ ಫಲ ನೋಡಲು ಮತ್ತೆ ಸೇರುತ್ತೇವೆಯೇ ಎಂದು ಕೇಳುವುದನ್ನು ಹೆಚ್ಚಿನವರು ಮರೆಯುತ್ತಾರೆ. ನನ್ನ ಮಟ್ಟಿಗೆ ಮೊದಲಿನ ಪ್ರಶ್ನೆಯಷ್ಟೇ ಇದೂ ಮುಖ್ಯ. ತಪ್ಪು ತಡವಾಗಿ ಕಾಣುವ ಕೆಲಸವನ್ನು ಒಂದೇ ದಿನದಲ್ಲಿ ಕಲಿಸಿ ಕಳುಹಿಸಿದರೆ ಕಲಿಕೆಯ ಅರ್ಧಭಾಗ ಬಾಕಿಯೇ ಉಳಿಯುತ್ತದೆ. ಹಾಗಾಗಿ ಒಂದು ದಿನದ ದೊಡ್ಡ ಕಾರ್ಯಕ್ರಮಕ್ಕಿಂತ, ಅದೇ ಮಡಿಯ ಮುಂದೆ ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಸೇರುವ ಸಣ್ಣ ಸರಣಿಯನ್ನು ನಾನು ಯಾವಾಗಲೂ ಮುಂದಿಡುತ್ತೇನೆ.

ಇದು ನನ್ನೊಬ್ಬನ ಹಟವಲ್ಲ. 1989ರಲ್ಲಿ ಇಂಡೋನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಆರಂಭವಾದ ರೈತರ ಕ್ಷೇತ್ರ ಪಾಠಶಾಲೆಗಳು ಇದೇ ತಿಳಿವಳಿಕೆಯ ಮೇಲೆ ನಿಂತಿದ್ದವು. ಕೀಟನಾಶಕವನ್ನು ಮನಬಂದಂತೆ ಸಿಂಪಡಿಸಿ, ಪೈರಿನ ಹುಳುಗಳನ್ನು ತಿನ್ನುವ ಶತ್ರುಕೀಟಗಳನ್ನೂ ಕೊಂದದ್ದರಿಂದಲೇ ಭತ್ತದ ಕಂದು ಜಿಗಿಹುಳು ಮಿತಿಮೀರಿದ್ದಾಗ, ರೈತರಿಗೆ ಭಾಷಣ ಮಾಡುವ ಬದಲು ಸುಮಾರು ಇಪ್ಪತ್ತೈದು ಮಂದಿಯ ಗುಂಪುಗಳನ್ನು ವಾರಕ್ಕೊಮ್ಮೆ, ಇಡೀ ಬೆಳೆಯ ಅವಧಿಯುದ್ದಕ್ಕೂ ಗದ್ದೆಗೇ ಇಳಿಸಲಾಯಿತು. ಅವರು ಚಿಕ್ಕ ತಂಡಗಳಾಗಿ ಪೈರನ್ನು ಪರೀಕ್ಷಿಸಿ, ಹುಳುಗಳನ್ನು ಎಣಿಸಿ, ಕಂಡದ್ದನ್ನು ಕಾಗದದ ಮೇಲೆ ಚಿತ್ರ ಬರೆದು, ಸಿಂಪಡಿಸಬೇಕೇ ಬೇಡವೇ ಎಂದು ತಾವೇ ಚರ್ಚಿಸಿ ತೀರ್ಮಾನಿಸುತ್ತಿದ್ದರು. ಮುಂದಿನ ವಾರ ತೀರ್ಮಾನದ ಫಲ ಕಣ್ಣೆದುರೇ ಇರುತ್ತಿತ್ತು. ಬೇರೆ ಅನೇಕ ದೇಶಗಳು, ಬೇರೆ ಅನೇಕ ಬೆಳೆಗಳು ಈ ಮಾದರಿಯನ್ನು ತಮ್ಮದಾಗಿಸಿಕೊಂಡವು. ಹತ್ತು ಕುಂಡಗಳಿರುವವರಿಗೂ ಇದರ ಒಳತಿರುಳು ಅನ್ವಯಿಸುತ್ತದೆ: ಕಲಿಸುವ ವೇಳಾಪಟ್ಟಿಯನ್ನು ಗಿಡ ನಿರ್ಧರಿಸಬೇಕೇ ಹೊರತು ಸಭಾಂಗಣ ಖಾಲಿ ಇರುವ ದಿನವಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದ ಮಾಸ್ಟರ್ ಗಾರ್ಡನರ್ ಕಾರ್ಯಕ್ರಮದ್ದು ಇನ್ನೊಂದು ದಾರಿ. ಅಲ್ಲಿ ತರಬೇತಿ ಪಡೆದವರು ಇಂತಿಷ್ಟು ಗಂಟೆಗಳ ಕಾಲ ಊರವರ ಪ್ರಶ್ನೆಗಳಿಗೆ ಉತ್ತರಿಸುವ ಸ್ವಯಂಸೇವೆ ಮಾಡಬೇಕು. ಕಲಿತದ್ದನ್ನು ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ನಮಗೆ ಎಷ್ಟು ಗೊತ್ತಿಲ್ಲ ಎಂಬುದು ಗೊತ್ತಾಗುವುದರಿಂದ ಈ ಕರಾರು ಬಹಳ ಜಾಣತನದ್ದು ಎಂದು ನನಗೆ ಅನ್ನಿಸುತ್ತದೆ.

ಯಾವುದನ್ನು ಮೊದಲು ಕಲಿಯಬೇಕು ಎಂದು ಕೇಳಿದ್ದೀರಿ. ಮಣ್ಣು ಮತ್ತು ನೀರು, ಅನಂತರ ಬಿತ್ತನೆ ಮತ್ತು ಸಸಿ ಕಿತ್ತು ನೆಡುವುದು, ಅದರ ಜೊತೆಜೊತೆಗೇ ಕಾಂಪೋಸ್ಟ್, ಆಮೇಲೆ ಕಡ್ಡಿ ನಾಟಿ, ಕೊಂಬೆ ಸವರುವುದು. ಕಸಿಗೆ ಎಲ್ಲಕ್ಕಿಂತ ಕೊನೆಯ ಸ್ಥಾನ. ಹೊಸಬರು ಸಾಮಾನ್ಯವಾಗಿ ಕಸಿಯಿಂದಲೇ ಆರಂಭಿಸಲು ಹಂಬಲಿಸುತ್ತಾರೆ, ಅದರಲ್ಲಿ ಒಂದು ಜಾದೂ ಇದೆ, ಒಪ್ಪುತ್ತೇನೆ. ಆದರೆ ಕುಂಡದ ಗಿಡವನ್ನು ಒಂದು ವರ್ಷ ಉಳಿಸಿಕೊಳ್ಳಲು ಬಾರದವರು ಕಟ್ಟಿದ ಕಸಿ ಕೂಡಿಕೊಂಡರೂ ಬಾಳುವುದಿಲ್ಲ. ಕಸಿಯ ಬಗ್ಗೆ ಇಷ್ಟು ನೆನಪಿಟ್ಟುಕೊಂಡರೆ ಸದ್ಯಕ್ಕೆ ಸಾಕು: ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ತೆಳ್ಳಗಿನ ಬೆಳೆಯುವ ಪದರವಿದೆ, ಬೇರುಸಸಿಯ ಪದರಕ್ಕೆ ಕಸಿಕಡ್ಡಿಯ ಪದರ ತಾಗಿ, ಒಣಗದಂತೆ ಬಿಗಿಯಾಗಿ ಕಟ್ಟಿದ್ದರೆ ಮಾತ್ರ ಕೂಡಿಕೊಳ್ಳುತ್ತದೆ. ಕಡ್ಡಿಗಳ ದಪ್ಪ ಹೊಂದದಿದ್ದರೆ ಕನಿಷ್ಠ ಒಂದು ಬದಿಯಾದರೂ ಹೊಂದಬೇಕು. ಒಂದೇ ಎಳೆತದಲ್ಲಿ ಸಮತಟ್ಟಾಗಿ ಕತ್ತರಿಸುವ ಅಭ್ಯಾಸಕ್ಕೆ, ಸವರಿ ಬಿಸಾಡಿದ ಕಡ್ಡಿಗಳ ಮೇಲೆಯೇ ನೂರು ಸಲ ಕೈಯಾಡಿಸಿ.

ಕಾಂಪೋಸ್ಟಿನ ಕಾರ್ಯಾಗಾರವನ್ನು ತಪ್ಪಿಸಿಕೊಳ್ಳಬೇಡಿ, ಏಕೆಂದರೆ ಮೂಗಿನಿಂದ ಕಲಿಯುವ ಕೆಲಸ ಅದೊಂದೇ. ಪುಸ್ತಕದ ಪ್ರಕಾರ ಇಂಗಾಲ ಮತ್ತು ಸಾರಜನಕದ ಪ್ರಮಾಣ 25–30ಕ್ಕೆ 1 ಇರಬೇಕು, ತೇವಾಂಶ ಶೇ. 50–60 ಇರಬೇಕು. ಇವು ಸರಿಯಾದ ಅಂಕಿಗಳೇ, ಆದರೆ ಮನೆಯಲ್ಲಿ ಯಾರೂ ಇವನ್ನು ಅಳೆಯುವುದಿಲ್ಲ. ಒಣ ಎಲೆಯಂಥ ಕಂದು ವಸ್ತು ಎರಡು ಮೂರು ಬುಟ್ಟಿಗೆ ಹಸಿ ತ್ಯಾಜ್ಯ ಒಂದು ಬುಟ್ಟಿ ಎಂಬ ಅಂದಾಜಿನಿಂದ ಹೊರಟು, ಉಳಿದದ್ದನ್ನು ವಾಸನೆ ನೋಡಿ ತಿದ್ದುತ್ತಾ ಹೋಗುತ್ತಾರೆ. ಅಮೋನಿಯಾದ ಘಾಟು ಮೂಗಿಗೆ ಹೊಡೆದರೆ ಹಸಿಯದು ಹೆಚ್ಚಾಯಿತೆಂದು ಒಣ ಎಲೆ ಸೇರಿಸುತ್ತಾರೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದೆಂದು ತಿರುವುತ್ತಾರೆ. ಏನೂ ವಾಸನೆಯಿಲ್ಲದೆ ರಾಶಿ ತಣ್ಣಗೆ, ಒಣಗಿಕೊಂಡು ಕುಳಿತಿದ್ದರೆ ನೀರು ಚಿಮುಕಿಸುತ್ತಾರೆ. ಉದ್ದ, ಅಗಲ, ಎತ್ತರ ತಲಾ ಒಂದು ಮೀಟರಿನಷ್ಟಾದರೂ ಇರುವ ರಾಶಿ ಚೆನ್ನಾಗಿ ಕಾವೇರಿದರೆ ಒಳಗೆ 55–65 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಆ ಶಾಖದಲ್ಲಿ ಕೆಲವು ದಿನ ಇದ್ದರೆ ಹೆಚ್ಚಿನ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ, ಆದರೆ ರಾಶಿಯ ಹೊರಮೈ ತಣ್ಣಗಿರುವುದರಿಂದ ಹೊರಗಿನದು ಒಳಗೆ ಹೋಗುವಂತೆ ತಿರುವಿ ಹಾಕಬೇಕು. ಕಾದ ರಾಶಿಯೊಳಗೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟು ಹತ್ತು ನಿಮಿಷದ ಬಳಿಕ ಹೊರತೆಗೆದು ಮುಟ್ಟಿಸಿದಾಗ ಕಲಿಯುವವರ ಮುಖದಲ್ಲಿ ಮೂಡುವ ಬೆರಗನ್ನು ನೋಡಲು ನನಗೆ ಇಂದಿಗೂ ಬೇಸರವಿಲ್ಲ. ಸಮುದಾಯ ತೋಟದ ಅನುಕೂಲ ಇಲ್ಲಿ ಎದ್ದು ಕಾಣುತ್ತದೆ: ಒಂದು ಮನೆಯ ತ್ಯಾಜ್ಯದಿಂದ ಅಷ್ಟು ದೊಡ್ಡ ರಾಶಿ ಒಟ್ಟುವುದು ಕಷ್ಟ, ಹತ್ತು ಮನೆಯದು ಸೇರಿದರೆ ಆಗುತ್ತದೆ.

ಸವರುವ ಕೆಲಸವನ್ನು ಮಾತ್ರ ಯಾರ ಬಳಿ ಕಲಿಯುತ್ತೀರಿ ಎಂಬುದನ್ನು ಸ್ವಲ್ಪ ನೋಡಿಕೊಳ್ಳಿ, ಏಕೆಂದರೆ ಹಳೆಯ ತಪ್ಪುಗಳು ಇಲ್ಲಿ ಬಹಳ ಕಾಲ ಬಾಳಿವೆ. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ನುಣ್ಣಗೆ ಕತ್ತರಿಸಿ ಗಾಯಕ್ಕೆ ಬಣ್ಣ ಬಳಿಯಬೇಕು ಎಂದು ಒಂದು ಕಾಲದಲ್ಲಿ ಎಲ್ಲರೂ ಕಲಿಸುತ್ತಿದ್ದರು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಸಸ್ಯರೋಗ ತಜ್ಞ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಮರದ ಗಾಯವು ನಮ್ಮ ಚರ್ಮದಂತೆ ಮಾಯುವುದಿಲ್ಲ, ಕೊಳೆತ ಭಾಗದ ಸುತ್ತ ಮರವು ಒಳಗೊಳಗೇ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ ಎಂದು 1970 ಮತ್ತು 80ರ ದಶಕಗಳಲ್ಲಿ ತೋರಿಸಿಕೊಟ್ಟರು. ಕೊಂಬೆಯು ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿರುವ ಭಾಗವೇ ಆ ರಕ್ಷಣೆಯ ನೆಲೆ; ಕತ್ತರಿ ಅದರ ಹೊರಗೆ ನಿಲ್ಲಬೇಕು, ಅದನ್ನು ಕೊಯ್ದುಹಾಕಲೂಬಾರದು, ಉದ್ದದ ಮೋಟು ಉಳಿಸಲೂಬಾರದು. ಭಾರದ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಒಂದು ಗಾಯ, ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ ಕಡಿತ, ಕೊನೆಗೆ ಮೋಟಿನ ಕಡಿತ ಎಂದು ಮೂರು ಹಂತದಲ್ಲಿ ಕತ್ತರಿಸಿದರೆ ತೊಗಟೆ ಕಾಂಡದುದ್ದಕ್ಕೂ ಸಿಗಿದು ಬರುವುದಿಲ್ಲ. ಕಲಿಸುವವರು ಇಂದಿಗೂ ಕಾಂಡಕ್ಕೆ ಸಮನಾಗಿ ನುಣ್ಣಗೆ ಕತ್ತರಿಸಿ ಎಂದರೆ, ವಿನಯದಿಂದ ಕಾರಣ ಕೇಳಿ.

ಕೀಟಗಳ ವಿಷಯದಲ್ಲಿ ಒಂದೇ ಮಾತು. ಸಸ್ಯಹೇನುಗಳ ನಡುವೆ ಓಡಾಡುವ, ಮೊಸಳೆಮರಿಯಂತೆ ಕಾಣುವ ಕಪ್ಪು-ಕಿತ್ತಳೆ ಹುಳುವನ್ನು ಕಂಡ ಕೂಡಲೇ ಹೊಸಬರು ಹಿಸುಕಿಬಿಡುತ್ತಾರೆ. ಅದು ಗುಲಗಂಜಿ ಹುಳುವಿನ ಮರಿ, ಹೇನುಗಳನ್ನು ತಿನ್ನಲೆಂದೇ ಅಲ್ಲಿಗೆ ಬಂದಿರುವುದು. ಭೂತಗನ್ನಡಿ ಹಿಡಿದು ಎಲೆಯ ಅಡಿಭಾಗವನ್ನು ನೋಡಿಸುವ ಒಂದು ಗಂಟೆಯ ಅಭ್ಯಾಸವು ಹತ್ತು ಸಿಂಪಡಣೆಗಳನ್ನು ಉಳಿಸುತ್ತದೆ.

ನಿಮ್ಮ ಸಂಕೋಚದ ಬಗ್ಗೆ ಹೇಳುವುದಾದರೆ, ಅಂಥ ಕಡೆ ಬಂದವರಲ್ಲಿ ಹೆಚ್ಚಿನವರು ಏನನ್ನೋ ಕೊಂದುಕೊಂಡೇ ಬಂದಿರುತ್ತಾರೆ. ನೀವು ಒಂದು ಹೆಜ್ಜೆ ಮುಂದೆ ಹೋಗಿ, ಸತ್ತ ಗಿಡವನ್ನೇ ಜೊತೆಗೆ ಕೊಂಡೊಯ್ಯಿರಿ. ಕೊಳೆತ ಕಡ್ಡಿ, ಮಲಗಿದ ಸಸಿಗಳ ಟ್ರೇ, ನಿಮ್ಮ ಜಾಗದ ಒಂದು ಹಿಡಿ ಮಣ್ಣು. ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠಸಾಮಗ್ರಿ ಸಿಗುವುದಿಲ್ಲ, ಮತ್ತು ಮಾತು ನೇರವಾಗಿ ನಿಮ್ಮ ಸಮಸ್ಯೆಗೇ ಬರುತ್ತದೆ. ಮಣ್ಣನ್ನು ಗಾಜಿನ ಜಾಡಿಯಲ್ಲಿ ನೀರಿನೊಡನೆ ಕಲಕಿಟ್ಟರೆ ಮರಳು ಒಂದೆರಡು ನಿಮಿಷದಲ್ಲಿ, ರೇವೆ ಕೆಲವು ಗಂಟೆಗಳಲ್ಲಿ ತಳ ಸೇರಿ, ಜೇಡಿ ಮಾತ್ರ ಒಂದು ದಿನಕ್ಕಿಂತಲೂ ಹೆಚ್ಚು ಹೊತ್ತು ತೇಲುತ್ತಿರುತ್ತದೆ. ಪದರಗಳ ದಪ್ಪ ನೋಡಿ ನಿಮ್ಮ ಮಣ್ಣು ನೀರನ್ನು ಹಿಡಿಯುವುದೇ ಬಿಡುವುದೇ ಎಂದು ಹೇಳಬಹುದು. ಅಲ್ಲಿರುವಾಗ ಮೊಬೈಲಿನಲ್ಲಿ ಚಿತ್ರಿಸುವುದನ್ನು ಆದಷ್ಟು ಕಡಿಮೆ ಮಾಡಿ. ಒಂದು ಕೈಯಲ್ಲಿ ಮೊಬೈಲ್ ಇದ್ದರೆ ಕತ್ತರಿ ಹಿಡಿಯಲು ಉಳಿಯುವುದು ಒಂದೇ ಕೈ, ಮತ್ತು ವಿಡಿಯೋಗಳು ನಿಮ್ಮ ಬಳಿ ಈಗಾಗಲೇ ಬೇಕಾದಷ್ಟಿವೆ. ‘ನಾನು ಮಾಡುತ್ತೇನೆ, ನನ್ನ ಕೈಯನ್ನು ನೋಡಿ ತಪ್ಪಿದಲ್ಲಿ ನಿಲ್ಲಿಸಿ’ ಎಂದು ಒಮ್ಮೆ ಬಾಯಿಬಿಟ್ಟು ಕೇಳಿ. ಬೇಡವೆನ್ನುವ ಶಿಕ್ಷಕರನ್ನು ನಾನು ಕಂಡಿಲ್ಲ.

ವಯಸ್ಸು ಈ ಕಲಿಕೆಗೆ ಅಡ್ಡಿಯಲ್ಲ, ಮೊಣಕಾಲು ಮತ್ತು ಸೊಂಟ ಅಡ್ಡಿಯಾಗಬಹುದು. ನಿಂತು ಕೆಲಸ ಮಾಡುವ ಮೇಜು ಅಥವಾ ಎತ್ತರಿಸಿದ ಮಡಿಗಳಿವೆಯೇ ಎಂದು ಮುಂಚೆಯೇ ವಿಚಾರಿಸಿ. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿಯೇ ಇರುವುದರಿಂದ ಹತ್ತು ವರ್ಷಗಳಿಂದ ಆ ಲಸಿಕೆ ಹಾಕಿಸಿಕೊಂಡಿಲ್ಲವಾದರೆ ವೈದ್ಯರನ್ನು ಕಂಡು ಹಾಕಿಸಿಕೊಳ್ಳಿ. ಕಾಂಪೋಸ್ಟ್ ಮತ್ತು ಕುಂಡದ ಮಿಶ್ರಣದ ಧೂಳಿನ ಮೂಲಕ ಲೀಜಿಯೊನೆಲ್ಲಾ ಜಾತಿಯ ಒಂದು ಬ್ಯಾಕ್ಟೀರಿಯಾ ಶ್ವಾಸಕೋಶ ಸೇರುವುದು ಅಪರೂಪವಾದರೂ ನಡೆಯುವ ಸಂಗತಿ. ಚೀಲವನ್ನು ಮುಖದಿಂದ ದೂರ ಹಿಡಿದು ಬಿಚ್ಚಿ, ಒಣ ಮಿಶ್ರಣಕ್ಕೆ ನೀರು ಚಿಮುಕಿಸಿ, ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಒಯ್ಯುವಾಗ ಶೇ. 70ರ ಆಲ್ಕೋಹಾಲಿನಿಂದ ಒರೆಸುವ ಅಭ್ಯಾಸವಿರುವ ಕಾರ್ಯಾಗಾರ ಕಂಡರೆ, ಅಲ್ಲಿ ಉಳಿದದ್ದೂ ಚೆನ್ನಾಗಿಯೇ ಇರುತ್ತದೆ ಎಂದು ಧೈರ್ಯವಾಗಿ ನಂಬಬಹುದು. ಪ್ರತಿ ಸಮಸ್ಯೆಗೂ ಒಂದೇ ಬಾಟಲಿಯನ್ನು ತೋರಿಸಿ, ಕೊನೆಗೆ ಅದನ್ನೇ ಮಾರುವವರಿದ್ದರೆ ನಯವಾಗಿ ಎದ್ದು ಬನ್ನಿ.

ಕಲಿತು ಬಂದ ಮೇಲೆ ಒಂದು ವಾರ ಕಳೆಯುವುದರೊಳಗೆ ಅದೇ ಕೆಲಸವನ್ನು ಮನೆಯಲ್ಲಿ ಮಾಡಿ, ಒಂದೆರಡರ ಮೇಲಲ್ಲ, ಇಪ್ಪತ್ತರ ಮೇಲೆ. ಒಂದು ಕಡ್ಡಿ ಸತ್ತರೆ ಅದೃಷ್ಟವೋ ತಪ್ಪೋ ತಿಳಿಯುವುದಿಲ್ಲ. ಇಪ್ಪತ್ತರಲ್ಲಿ ಹತ್ತನ್ನು ಚೀಲದಿಂದ ಮುಚ್ಚಿ ಹತ್ತನ್ನು ಹಾಗೆಯೇ ಬಿಟ್ಟರೆ ಆರು ವಾರದಲ್ಲಿ ಉತ್ತರ ಬರುತ್ತದೆ. ಪ್ರತಿಯೊಂದಕ್ಕೂ ದಿನಾಂಕದ ಚೀಟಿ ಕಟ್ಟಿ, ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ. ಕಾರ್ಯಾಗಾರ ಇಲ್ಲದ ದಿನಗಳಲ್ಲಿಯೂ ಆ ತೋಟದವರು ಒಟ್ಟಾಗಿ ಕೆಲಸಕ್ಕೆ ಸೇರುವ ದಿನಗಳಿರುತ್ತವೆ. ಕಳೆ ಕೀಳಲು, ಮಣ್ಣು ಹೊರಲು ಕರೆದರೂ ಹೋಗಿ. ಪಕ್ಕದವರು ಮಾತಿಲ್ಲದೆ ಸಸಿಯನ್ನು ಕಾಂಡಕ್ಕೆ ಬದಲು ಎಲೆ ಹಿಡಿದು ಎತ್ತುವುದನ್ನು ನೀವು ಕಲಿಯುವುದು ಅಂಥ ದಿನಗಳಲ್ಲಿಯೇ: ಹರಿದ ಎಲೆಯ ಬದಲು ಇನ್ನೊಂದು ಬರುತ್ತದೆ, ಜಜ್ಜಿದ ಕಾಂಡಕ್ಕೆ ಬದಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಋತುವಿಗೆ ಬಿತ್ತನೆಯ ಒಂದೇ ಸರಣಿಗೆ ಹೆಸರು ಕೊಡುತ್ತಿದ್ದೆ, ಉಳಿದದ್ದನ್ನು ಮುಂದಕ್ಕೆ ಹಾಕುತ್ತಿದ್ದೆ. ಮೊದಲ ದಿನ ಎರಡು ಟ್ರೇ ಬಿತ್ತಿ, ಒಂದನ್ನು ತೋಟದಲ್ಲಿಯೇ ಬಿಟ್ಟು ಇನ್ನೊಂದನ್ನು ಮನೆಗೆ ತನ್ನಿ. ಎರಡಕ್ಕೂ ಅದೇ ಬೀಜ, ಅದೇ ಮಿಶ್ರಣ ಇರಲಿ. ಹದಿನಾಲ್ಕನೆಯ ದಿನ ಮನೆಯ ಟ್ರೇಯನ್ನು ಹೊತ್ತುಕೊಂಡು ಹೋಗಿ ತೋಟದ ಟ್ರೇಯ ಪಕ್ಕದಲ್ಲಿಟ್ಟು, ಎರಡನ್ನೂ ಕೈಯಲ್ಲಿ ಎತ್ತಿ ತೂಗಿ ನೋಡಿ.